ಏಣಿಯಿದ್ದ ರೈಲು ಡಬ್ಬಿ

ನಾನು ಇಪ್ಪತ್ತೆಂಟು ವರ್ಷ ಮಾಡಿದ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಜನಗಣತಿಗೆ ಬಂದ ಮಾಸ್ತರರು ಉದ್ಯೋಗ ಏನೆಂದು ಕೇಳಿದಾಗ, ಹಳೆ ಸಾಮಾನಿನ ಗುರುತು ಹೇಳುವುದು ಎಂದೆ. ಅವರು ಪೆನ್ನು ಎತ್ತಿ ಹಿಡಿದುಕೊಂಡು ತಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಕೊನೆಗೆ 'ಇತರೆ' ಎಂದು ಬರೆದುಕೊಂಡು, ಚಹಾ ಕುಡಿದು ಹೋದರು.

ಈಗ ಕಾರವಾರದ ನಮ್ಮ ಹಳೆ ಸಾಮಾನಿನ ಅಂಗಡಿಗೆ ಇಬ್ಬರು ಹೊಸ ಹುಡುಗಿಯರು ಸೇರಿದ್ದಾರೆ. ಇಬ್ಬರೂ ಡಿಗ್ರಿ ಮುಗಿಸಿದವರು. 'ಶಾರದಕ್ಕಾ, ನಮಗೆ ಉಪಯೋಗ ಆಗುವ ಹಾಗೆ ಏನಾದರೂ ಬರೆದುಕೊಡಿ' ಎಂದು ಮನೆಗೇ ಬಂದು ಕೇಳಿದರು. ನನಗೆ ಯಾವಾಗ ಸ್ವಂತ ಮೇಜು ಸಿಕ್ಕಿತು, ಯಾವಾಗ ಸಂಬಳ ಏರಿತು ಎನ್ನುವುದರಿಂದ ಅವರಿಗೆ ಆಗಬೇಕಾದದ್ದು ಏನೂ ಇಲ್ಲ. ನಾನು ಎಡವಿದ ಜಾಗಗಳನ್ನು ತೋರಿಸಿದರೆ ಅವರ ಕಾಲ್ಬೆರಳಾದರೂ ಉಳಿದೀತು. ಹಾಗಾಗಿ ಇದರಲ್ಲಿ ಹೆಚ್ಚಾಗಿ ಎಡವಿದ್ದೇ ಇದೆ.

ನಾನು ಅಂಕೋಲೆಯವಳು. ಅಂಗಡಿಗೆ ಸೇರಿದ್ದು ಗುರುತು ಹೇಳುವುದಕ್ಕಲ್ಲ, ತಿಕ್ಕುವುದಕ್ಕೆ. ಹಿತ್ತಾಳೆ ದೀಪ, ತಾಮ್ರದ ಹಂಡೆ, ಗಿಂಡಿ, ತಟ್ಟೆ ಎಲ್ಲವನ್ನೂ ಹುಣಸೆಹುಳಿ ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ಸಾಲಾಗಿ ಇಡಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ. ಮೂರು ವರ್ಷದಲ್ಲಿ ನನ್ನ ಅಂಗೈ ಗೆರೆಗಳೆಲ್ಲ ಕಪ್ಪಾಗಿ, ಕೈ ನೋಡಿ ಭವಿಷ್ಯ ಹೇಳುವವನೊಬ್ಬ ನನ್ನ ಕೈ ಬಿಟ್ಟು ಮುಂದಿನವರ ಕೈ ಹಿಡಿದಿದ್ದ. ಆದರೆ ತಿಕ್ಕುತ್ತ ತಿಕ್ಕುತ್ತ ಒಂದು ಲಾಭವಾಯಿತು. ಯಾವ ಪಾತ್ರೆ ಎರಕದ್ದು, ಯಾವುದು ಬಡಿದು ಮಾಡಿದ್ದು, ಯಾವುದಕ್ಕೆ ಆಮೇಲೆ ಬೆಸುಗೆ ಬಿದ್ದಿದೆ ಎನ್ನುವುದು ಬೆರಳಿಗೇ ತಿಳಿಯತೊಡಗಿತು. ಅಂಗಡಿಯ ಮಾಲಕರು ಇದನ್ನು ಗಮನಿಸಿ ನನ್ನನ್ನು ಮೇಜಿಗೆ ಕೂರಿಸಿದರು.

ಮಾಲಕರ ಹೆಸರು ವಾಮನ. ನಮಗೆಲ್ಲ ವಾಮನ ಮಾಮ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಗೋವಾದಿಂದ ಗಿರಾಕಿ ಬಂದರೆ ಎರಡಕ್ಕೂ ಇಂಗ್ಲಿಷು ಬೆರೆಸಿದ ಮೂರನೆಯದೊಂದು. ಅವರ ಬಳಿ ಎರಡು ಕನ್ನಡಕ ಇದ್ದವು. ಒಂದು ವಸ್ತು ನೋಡುವುದಕ್ಕೆ, ಇನ್ನೊಂದು ಗಿರಾಕಿಯ ಎದುರು ತೆಗೆದು ಒರೆಸುವುದಕ್ಕೆ. ಒಳ್ಳೆಯ ಮನುಷ್ಯ. ಒಂದೇ ದೋಷ ಎಂದರೆ, ಯಾವ ವಸ್ತು ಕೈಗೆ ಬಂದರೂ ಅದರ ಹಿಂದೆ ಅವರಿಗೆ ಒಬ್ಬ ಬಿಳಿ ಸಾಹೇಬ ಕಾಣುತ್ತಿದ್ದ. ಮುರಿದ ಕೊಡೆಯ ಹಿಡಿ ಸಿಕ್ಕಿದರೆ ಅದನ್ನು ಹಿಡಿದ ಕಲೆಕ್ಟರ ಸಿಗುತ್ತಿದ್ದ. ತುಕ್ಕು ಹಿಡಿದ ಬೀಗ ಸಿಕ್ಕಿದರೆ ಅದನ್ನು ಹಾಕಿಕೊಂಡು ಹೋದ ಕಪ್ತಾನ.

ನಮ್ಮ ಅಂಗಡಿಯ ಪದ್ಧತಿ ಎಂದರೆ ಚೀಟಿ. ಪ್ರತಿ ವಸ್ತುವಿಗೂ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಬೇಕು. ಏನು, ಎಲ್ಲಿಯದು, ಯಾವ ಕಾಲದ್ದು, ಹೇಗೆ ಗೊತ್ತಾಯಿತು ಎಂದು ಬರೆದು, ಗುರುತು ಹೇಳಿದವರು ಕೆಳಗೆ ಸಹಿ ಹಾಕಬೇಕು. ಗೋವಾ, ಬೆಳಗಾವಿ, ಪುಣೆಯ ಗಿರಾಕಿಗಳು ವಸ್ತುವಿಗಿಂತ ಮೊದಲು ಚೀಟಿ ಓದುತ್ತಿದ್ದರು. ಮಾಮ ಎಂದೂ ಸಹಿ ಹಾಕುತ್ತಿರಲಿಲ್ಲ. ಅವರು ವಿಚಾರ ಕೊಡುತ್ತಿದ್ದರು, ಸಹಿ ನನ್ನದು. ನನ್ನನ್ನು ಮೇಜಿಗೆ ಕೂರಿಸಿದ ದಿನವೇ ಹೇಳಿದ್ದರು: ಬರೆದ ಚೀಟಿ ತಪ್ಪೆಂದು ಹರಿಯಬೇಕಾಗಿ ಬಂದರೆ ಮೊದಲ ಸಲ ಕ್ಷಮೆ, ಎರಡನೇ ಸಲ ಎಚ್ಚರಿಕೆ, ಮೂರನೇ ಸಲ ಮತ್ತೆ ಹುಣಸೆಹುಳಿ.

ಮೊದಲನೆಯದು ಪೀಕದಾನಿಯದು. ಸಂಸ್ಥಾನದ ಕಾಲದ ಹೂದಾನಿ ಎಂದು ಬರೆದೆ. ಬಾಯಿ ಅಗಲ, ಕುತ್ತಿಗೆ ಸಪೂರ, ಮೈಮೇಲೆ ಬಳ್ಳಿ ಚಿತ್ತಾರ. ಹೊಸದಾಗಿ ತೆರೆದ ಹೋಟೆಲಿನವರೊಬ್ಬರು ಕೊಂಡೊಯ್ದು, ಉದ್ಘಾಟನೆಯ ದಿನ ಗುಲಾಬಿ ತುಂಬಿಸಿ ಬಾಗಿಲ ಬಳಿ ಇಟ್ಟರು. ಅತಿಥಿಗಳಲ್ಲಿ ಎಂಬತ್ತು ದಾಟಿದ ಒಬ್ಬ ಯಜಮಾನರಿದ್ದರು. ಒಳಗೆ ಕಾಲಿಡುವ ಮೊದಲು, ಹಳೆಯ ಮನೆತನದವರ ಶಿಷ್ಟಾಚಾರದಂತೆ, ಗುಲಾಬಿಯನ್ನು ಎರಡು ಬೆರಳಲ್ಲಿ ಬದಿಗೆ ಸರಿಸಿ, ತಾಂಬೂಲವನ್ನು ಅದರೊಳಗೆ ಉಗಿದು, ಗುಲಾಬಿಯನ್ನು ಮತ್ತೆ ಸರಿಮಾಡಿ ಒಳಗೆ ಹೋದರಂತೆ. ಪಾತ್ರೆ ಮರುದಿನ ನಮ್ಮ ಅಂಗಡಿಗೆ ವಾಪಸು ಬಂತು. ಅದನ್ನು ತೊಳೆದದ್ದೂ ನಾನೇ.

ಎರಡನೆಯದು ಗಂಟೆಯದು. ದಪ್ಪ ಕಂಚು, ಅಂಚಿನಲ್ಲಿ ಒಂದು ಕಡೆ ತಗ್ಗು. ಮಾಮನಿಗೆ ಕಪ್ತಾನ ಕಂಡ. ಪೋರ್ಚುಗೀಸ್ ಹಡಗಿನ ಗಂಟೆ ಎಂದು ಬರೆದು ಸಹಿ ಹಾಕಿದೆ. ಒಂದು ತಿಂಗಳ ನಂತರ ಅಂಕೋಲೆಯ ಶಾಲೆಯೊಂದರ ನಿವೃತ್ತ ಜವಾನರು ಮಳೆಗೆ ನಿಲ್ಲಲು ಅಂಗಡಿಯೊಳಗೆ ಬಂದವರು ಅದನ್ನು ನೋಡಿ, ಇದು ನಾನು ಮೂವತ್ತು ವರ್ಷ ಹೊಡೆದ ಗಂಟೆ ಎಂದರು. ಮಾಮ ನಕ್ಕರು. ಜವಾನರು ವಾದ ಮಾಡಲಿಲ್ಲ. ಪಕ್ಕದಲ್ಲಿದ್ದ ಸುತ್ತಿಗೆ ತೆಗೆದುಕೊಂಡು ಶಾಲೆ ಬಿಡುವ ಗಂಟೆ ಹೊಡೆದರು, ಮೊದಲು ನಿಧಾನ, ಆಮೇಲೆ ಬಿಡದೆ. ನಾನು ಕಲಿತದ್ದು ಅದೇ ಶಾಲೆಯಲ್ಲಿ. ಮೂರನೇ ಪೆಟ್ಟಿಗೆ ನನ್ನ ಕೈ ತಾನಾಗಿ ಮೇಜಿನ ಕೆಳಗಿನ ಚೀಲಕ್ಕೆ ಹೋಯಿತು, ಐದನೇ ಪೆಟ್ಟಿಗೆ ನಾನು ಎದ್ದು ನಿಂತಿದ್ದೆ. ಮಾಮ ನನ್ನನ್ನು ನೋಡಿ ನಗು ನಿಲ್ಲಿಸಿದರು. ಚೀಟಿಯನ್ನು ನಾನೇ ಹರಿದೆ.

ಹೀಗೆ ಎರಡು ಮುಗಿದು, ಒಂದು ಬಾಕಿ ಇದ್ದಾಗ ರೈಲು ಡಬ್ಬಿಗಳು ಸಿಕ್ಕವು. ಎರಡು ಸಾವಿರದ ಇಸವಿ ದಾಟಿ ಮೂರು-ನಾಲ್ಕು ವರ್ಷ ಆಗಿದ್ದಿರಬೇಕು.

ಕಾರವಾರದ ಆದಿತ್ಯವಾರದ ಸಂತೆಯಲ್ಲಿ ತರಕಾರಿ ಸಾಲು ಮುಗಿದ ಮೇಲೆ, ಒಣಮೀನಿನ ಸಾಲು ಶುರುವಾಗುವ ಮೊದಲು, ಹಳೆ ಸಾಮಾನಿನವರು ಗೋಣಿ ಹಾಸಿ ಕೂರುತ್ತಿದ್ದರು. ಅವರಲ್ಲಿ ಚಿತ್ತಾಕುಲದ ಶಾಂತಕ್ಕ ನನಗೆ ಪರಿಚಯದವಳು. ಮನೆ ಖಾಲಿ ಮಾಡುವವರ ಅಟ್ಟದ ಸಾಮಾನನ್ನೆಲ್ಲ ಅವಳು ಕೊಂಡು ತರುತ್ತಿದ್ದಳು. ಆ ದಿನ ಅವಳ ಬಿದಿರಿನ ಗೆರಸಿಯಲ್ಲಿ, ಹಳೆ ನಲ್ಲಿ ಮತ್ತು ಬಾಟಲಿ ಬಿರಡೆಗಳ ನಡುವೆ, ಒಂದಕ್ಕೊಂದು ಸಿಕ್ಕಿಸಿದ ನಾಲ್ಕು ತಗಡಿನ ರೈಲು ಡಬ್ಬಿಗಳು ಕಂಡವು. ಕಡು ಹಸಿರು ಬಣ್ಣ, ಗೇಣುದ್ದ, ಚಿಕ್ಕ ಚಿಕ್ಕ ಗಾಲಿ. ಒಂದನ್ನು ಬಿಡಿಸಿ ನೋಡಬಹುದೇ ಎಂದು ಕೇಳಿದೆ.

'ನಾಲ್ಕೂ ಒಟ್ಟಿಗೆ ತಕಾ ತಂಗಿ' ಎಂದಳು ಶಾಂತಕ್ಕ. 'ಕೊಕ್ಕೆಗೆ ತುಕ್ಕು ಹಿಡ್ದದೆ. ಬಿಡ್ಸೂಕೆ ನಂಗೆ ಬತ್ತಿಲ್ಲ, ಬಿಡ್ಸದೆ ಒಂದನ್ನೇ ಹ್ಯಾಂಗೆ ಮಾರ್ಲಿ?'

ಹೀಗೆ ಆ ನಾಲ್ಕನೆಯ ಡಬ್ಬಿ ನನ್ನ ಜೀವನದೊಳಗೆ ಬಂದದ್ದು ತುಕ್ಕಿನ ಕೃಪೆಯಿಂದ.

ಆಟಿಕೆ ರೈಲು ಕೈಗೆ ಬಂದರೆ ಏನು ಮಾಡಬೇಕೆಂದು ಈಗ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಬಣ್ಣ ನೋಡಬೇಡಿ, ಮೊದಲು ಮಗುಚಿ ಹೊಟ್ಟೆ ನೋಡಿ. ತಗಡಿನ ಚಿಕ್ಕ ನಾಲಗೆಗಳನ್ನು ಸೀಳಿನಲ್ಲಿ ತೂರಿಸಿ ಮಡಚಿದ್ದರೆ ಅದು ಯಂತ್ರದಲ್ಲಿ ಸಾವಿರಗಟ್ಟಲೆ ಮಾಡಿದ್ದು. ಬೆಸುಗೆ ಹಾಕಿದ್ದರೆ ಕೈಕೆಲಸ, ಸಾಮಾನ್ಯವಾಗಿ ಹೆಚ್ಚು ಹಳೆಯದು. ಚಿತ್ತಾರ ಅಚ್ಚೊತ್ತಿದ್ದೋ ಕುಂಚದಿಂದ ಎಳೆದದ್ದೋ ಎಂದು ಭೂತಗನ್ನಡಿಯಲ್ಲಿ ನೋಡಿ. ಅಚ್ಚಿನದಾದರೆ ಬಣ್ಣ ಚುಕ್ಕಿ ಚುಕ್ಕಿಯಾಗಿ ಒಡೆದು ಕಾಣುತ್ತದೆ. ಗಾಲಿ ಎರಕದ್ದೋ ತಗಡಿನದ್ದೋ ತೂಕದಲ್ಲೇ ತಿಳಿಯುತ್ತದೆ. ಎರಡು ಗಾಲಿಯ ನಡುವಿನ ಅಂತರ ಅಳೆದು ಬರೆದುಕೊಳ್ಳಿ. ಕೊನೆಗೆ ಮೂಸಿ ನೋಡಿ. ನಗಬೇಡಿ, ಹಳೆಯ ಬಣ್ಣಕ್ಕೆ ವಾಸನೆ ಇರುವುದಿಲ್ಲ, ಹೊಸದನ್ನು ಹಳೆಯದು ಮಾಡಿದ್ದಕ್ಕೆ ಇರುತ್ತದೆ.

ಮೂರು ಡಬ್ಬಿಗಳು ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದವು. ಕೈ ಬೆಸುಗೆ, ಕುಂಚದ ಬಣ್ಣ, ಎರಕದ ಗಾಲಿ. ಸಾಲಿನ ತುದಿಯಲ್ಲಿದ್ದ ನಾಲ್ಕನೆಯದರ ಗಾಲಿಯೂ ಕೊಕ್ಕೆಯೂ ಉಳಿದವುಗಳದೇ ಜಾತಿ, ಬಣ್ಣವೂ ಹೆಚ್ಚುಕಡಿಮೆ ಅದೇ. ಆದರೆ ಮೈ ಬೇರೆ. ಬಾಗಿಲು ಎಡಗಡೆಗೆ ಮಾತ್ರ. ಮಾಡಿನ ಮೇಲೆ, ಅಂದರೆ ಚಾವಣಿಗೆ, ಸುತ್ತಲೂ ತಂತಿಯ ಕಟಕಟೆ. ಹಿಂದುಗಡೆ ಕೆಳಗಿನಿಂದ ಮಾಡಿನವರೆಗೆ ನಾಲ್ಕು ಮೆಟ್ಟಿಲಿನ ಒಂದು ಪುಟ್ಟ ಏಣಿ. ಒಳಗೆ ಟಾರ್ಚು ಬಿಟ್ಟು ನೋಡಿದರೆ ಮಾಡಿನ ಒಳಮೈಯಲ್ಲಿ ಒಂದು ತೆಂಗಿನ ಮರದ ಚಿತ್ರ.

ಆಗಷ್ಟೇ ನಮ್ಮ ಕೆಲಸದ ರೀತಿ ಬದಲಾಗುತ್ತಿತ್ತು. ಮೊದಲು ಏನಾದರೂ ಸಂಶಯ ಬಂದರೆ ತಿಳಿದ ಹಿರಿಯರ ಮನೆಗೆ ಹೋಗಿ, ಚಹಾ ಕುಡಿದು, ಅವರ ಮಂಡಿನೋವಿನ ವಿಚಾರ ಕೇಳಿ, ಆಮೇಲೆ ವಸ್ತು ತೋರಿಸಬೇಕಿತ್ತು. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್ನೆಟ್ಟಿನ ಅಂಗಡಿ ಬಂದಿತ್ತು. ಮಾಮ ನನ್ನನ್ನು ಅಲ್ಲಿಗೆ ಕಳಿಸಿದರು. ಒಂದು ಚಿತ್ರ ಮೇಲಿನಿಂದ ಕೆಳಗೆ ಪೂರ್ತಿ ಇಳಿಯುವಷ್ಟರಲ್ಲಿ ಒಂದು ಬಟ್ಟಲು ಅವಲಕ್ಕಿ ತಿಂದು ಮುಗಿಸಬಹುದಿತ್ತು. ಮೂರು ದಿನ ಕೂತು ಹುಡುಕಿದೆ. ಮೂರು ಡಬ್ಬಿಗಳಿಗೆ ಜೋಡಿ ಸಿಕ್ಕಿತು: ಜರ್ಮನಿಯಲ್ಲಿ, ಮೊದಲ ಮಹಾಯುದ್ಧಕ್ಕಿಂತ ಮೊದಲು ಮಾಡಿದವು. ನಾಲ್ಕನೆಯದರಂಥದು ಜಗತ್ತಿನಲ್ಲೇ ಎಲ್ಲೂ ಇರಲಿಲ್ಲ.

ಇಲ್ಲೇ ನಾನು ಎಡವಿದ್ದು. ಮೊದಲಾಗಿದ್ದರೆ, ಯಾವುದಕ್ಕಾದರೂ ಜೋಡಿ ಸಿಗದಿದ್ದರೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಿದ್ದೆ. ಕಂಪ್ಯೂಟರಿನಲ್ಲಿ ಹುಡುಕಿದ ಮೇಲೆ ಸಿಗದಿದ್ದರೆ ಅದು ಅಪರೂಪದ್ದು ಎಂಬ ಸೊಕ್ಕು ಬಂದುಬಿಟ್ಟಿತು. ಮಾಮನಂತೂ ಆ ಡಬ್ಬಿಯನ್ನು ಅಂಗೈಮೇಲೆ ಇಟ್ಟುಕೊಂಡು ನೋಡುವ ಕನ್ನಡಕವನ್ನೇ ಒರೆಸತೊಡಗಿದರು. ಏಣಿ ಯಾಕೆ ಇದ್ದೀತು ಎಂದು ನಾನು ಕೇಳಿದೆ.

'ಅಗೊ ಶಾರದಾ, ಹುಲಿ ಹೊಡೀಲಿಕ್ಕೆ' ಎಂದರು ಮಾಮ. 'ಸಾಹೇಬ ಕಾಡಿನೊಳಗೆ ರೈಲು ನಿಲ್ಲಿಸ್ತಾನೆ, ಏಣಿ ಹತ್ತಿ ಮೇಲೆ ಕೂರ್ತಾನೆ, ಬೀಳಬಾರದು ಅಂತ ಸುತ್ತಲೂ ಕಟಕಟೆ. ಕಿಟಕಿಯಿಂದ ಯಾರಾದ್ರೂ ಹುಲಿ ಹೊಡೀತಾರಾ?'

ತೆಂಗಿನ ಮರ? ಹಿಂದೂಸ್ಥಾನಕ್ಕೆಂದೇ ಮಾಡಿದ ವಿಶೇಷ ಮಾದರಿ ಎನ್ನುವುದಕ್ಕೆ ಅದೇ ಸಾಕ್ಷಿ. ಬಾಗಿಲು ಎಡಗಡೆಗೆ ಮಾತ್ರ ಯಾಕೆ? ಬಲಗಡೆಯಿಂದ ಹುಲಿ ಹತ್ತಬಾರದಲ್ಲ. ಕೇಳುತ್ತ ಕೇಳುತ್ತ ನನಗೂ ಹುಲಿ ಕಾಣತೊಡಗಿತು. ಚೀಟಿ ಬರೆದೆ: 'ಜರ್ಮನಿ. ವಸಾಹತು ದೇಶಗಳಿಗಾಗಿ ತಯಾರಾದ ಬೇಟೆ ಡಬ್ಬಿ. ಒಳಭಾಗದಲ್ಲಿ ಉಷ್ಣವಲಯದ ಚಿತ್ರ. ಬೇರೆ ಪ್ರತಿ ಇದ್ದ ಬಗ್ಗೆ ಮಾಹಿತಿ ಇಲ್ಲ.' ಕೆಳಗೆ ದೊಡ್ಡದಾಗಿ ಸಹಿ.

ಪುಣೆಯಲ್ಲಿ ಹಳೆ ಆಟಿಕೆ ರೈಲು ಸಂಗ್ರಹಿಸುವ ಒಬ್ಬ ನಿವೃತ್ತ ಇಂಜಿನಿಯರಿದ್ದರು. ಮಾಮ ಫೋನು ಮಾಡಿ ಬೇಟೆ ಡಬ್ಬಿಯ ವಿಷಯ ಹೇಳಿದ್ದೇ, ಬರುವ ಆದಿತ್ಯವಾರ ಸ್ವತಃ ಬರುತ್ತೇನೆ ಎಂದರು. ಇಂಜಿನ್ ಇದೆಯೇ, ಇದ್ದರೆ ಹುಡುಕಿ ಇಡಿ ಎಂದೂ ಹೇಳಿದರು. ಮಾಮ ಮೇಜಿಗೆ ಹೊಸ ಬಟ್ಟೆ ತಂದರು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪ್ರಾಧ್ಯಾಪಕರನ್ನೂ ಕರೆದರು.

ಇಂಜಿನ್ ಹುಡುಕುತ್ತ ನಾನು ಶಾಂತಕ್ಕನ ಹತ್ತಿರ ಹೋದೆ. ಡಬ್ಬಿಗಳು ಅಂಕೋಲೆಯ ಒಂದು ಬಂಗಲೆಯ ಅಟ್ಟದಿಂದ ಬಂದದ್ದು, ಆ ಮನೆಯಲ್ಲಿ ಮುರಿದದ್ದೆಲ್ಲ ರಿಪೇರಿಗೆ ತಗಡಿನ ಗಿರಿಯಣ್ಣನ ಹತ್ತಿರ ಹೋಗುತ್ತಿತ್ತು, ಅವನಲ್ಲಿ ಕೇಳು ಎಂದಳು. ಗಿರಿಯಣ್ಣನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅಂಕೋಲೆಯಲ್ಲಿ ಚಿಮಣಿ ದೀಪ, ಎಣ್ಣೆ ಅಳೆಯುವ ಲೋಟ, ಆಲಿಕೆ, ಅಕ್ಕಿ ಡಬ್ಬ ಎಲ್ಲವನ್ನೂ ತಗಡಿನಲ್ಲಿ ಮಾಡಿಕೊಡುತ್ತಿದ್ದವನು. ಪ್ಲಾಸ್ಟಿಕ್ ಬಂದ ಮೇಲೆ ಕೆಲಸ ನಿಂತು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಜಗಲಿಯ ಮೇಲೆ ಕೂತಿರುತ್ತಿದ್ದ. ಗುರುವಾರ ಅವನಿಗೆ ಡಬ್ಬಿಗಳ ಫೋಟೋ ತೋರಿಸಿ, ಇದರ ಇಂಜಿನ್ ಎಲ್ಲಿದೆ ಎಂದು ಕೇಳಿದೆ.

ಇಂಜಿನಿನ ಸ್ಪ್ರಿಂಗನ್ನು ತಾನೇ ತೆಗೆದು ಬಂಗಲೆಯ ಟೈಮ್‌ಪೀಸಿಗೆ ಹಾಕಿದೆ, ಉಳಿದದ್ದು ಹಾಳಾಯಿತು ಎಂದ. ಆ ಟೈಮ್‌ಪೀಸನ್ನು ನಾವು ಎರಡು ವರ್ಷ ಮೊದಲೇ ಮಾರಿದ್ದೆವು. ಅದರ ಚೀಟಿಯಲ್ಲಿ ಏನು ಬರೆದಿದ್ದೆ ಎಂದು ಇಲ್ಲಿ ಹೇಳುವುದಿಲ್ಲ. ಆಮೇಲೆ ಅವನು ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, ನಾಲ್ಕನೆಯ ಡಬ್ಬಿಯ ಮೇಲೆ ಬೆರಳಿಟ್ಟು, ಕೊಕ್ಕೆ ಇನ್ನೂ ಗಟ್ಟಿ ಇದೆಯಾ ಎಂದು ಕೇಳಿದ.

ಯಾಕೆ ಎಂದೆ.

'ಇದ್ ನಾ ಮಾಡ್ದದ್ದು ತಂಗಿ' ಎಂದ.

ಕಥೆ ಹೀಗಿತ್ತು. ಬಂಗಲೆಯ ಯಜಮಾನರು ಮುಂಬಯಿಯಿಂದ ತಂದ ರೈಲಿನ ಒಂದು ಡಬ್ಬಿ ಅಂಗಳದಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಸಿಕ್ಕಿ ಹಪ್ಪಳವಾಯಿತು. ಅಂಥದೇ ಒಂದು ಮಾಡಿಕೊಡು ಎಂದು ಗಿರಿಯಣ್ಣನಿಗೆ ಹೇಳಿ ಕಳಿಸಿದರು. ಉಳಿದ ಮೂರನ್ನು ನೋಡಿ ಮಾಡಬಹುದಿತ್ತು, ಆದರೆ ಆ ಮನೆಯ ಮಗು ಅವನ್ನು ಕೈಬಿಡಲಿಲ್ಲ. ಅವನಿಗೆ ಸಿಕ್ಕಿದ್ದು ಜಜ್ಜಿದ ಡಬ್ಬಿಯ ಗಾಲಿ ಮತ್ತು ಕೊಕ್ಕೆ ಮಾತ್ರ. ನಮ್ಮ ಕಡೆಗೆ ರೈಲು ಬಂದದ್ದೇ ತೊಂಬತ್ತರ ದಶಕದಲ್ಲಿ. ಇದು ಅದಕ್ಕೆ ನಲವತ್ತು ವರ್ಷ ಹಿಂದಿನ ಮಾತು.

'ನಾ ಎಲ್ಲಿ ಕಂಡಿದ್ದೆ ರೈಲಾ?' ಎಂದ ಗಿರಿಯಣ್ಣ. 'ಹ್ಯಾಂಗಿರ್ತದ್ರಾ ಒಡೆಯಾ ಅಂತ ಕೇಳ್ದೆ. ಬಸ್ಸಿದ್ದಾಂಗೇಯ ಗಿರಿಯಾ, ಒಂದ್ರ ಹಿಂದೆ ಒಂದು ಕಟ್ಟಿರ್ತರು ಅಂದ್ರು. ಬಸ್ಸಾದ್ರೆ ನಂಗೆ ಗುತ್ತಿತ್ತು. ಹಿಲ್ಲೂರಿಗೆ ಹೋಗೂ ಬಸ್ಸು ಸ್ಟ್ಯಾಂಡಲ್ಲಿ ಯಾವಾಗ್ಲೂ ತಾಸುಗಟ್ಲೆ ನಿಲ್ತಿತ್ತು. ಅದ್ರದ್ದೇ ಅಳ್ತೆ ತಕಂಡೆ.'

ತಗಡು ತೆಂಗಿನೆಣ್ಣೆ ಡಬ್ಬದ್ದು. ಬಣ್ಣ ಬಂಗಲೆಯ ಕಿಟಕಿಗೆ ಹೊಡೆದು ಉಳಿದದ್ದು. ನನ್ನ ಉಷ್ಣವಲಯ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಹೊರಟು ಅಂಕೋಲೆ ಬಸ್‌ಸ್ಟ್ಯಾಂಡಿಗೆ ಬಂದೆ. ಕಾರವಾರದ ಬಸ್ಸು ಬೆನ್ನು ತೋರಿಸಿಕೊಂಡು ನಿಂತಿತ್ತು. ಮೇಲೆ ಸಾಮಾನು ಹಾಕುವ ಕಟಕಟೆ. ಹಿಂದೆ ಏಣಿ. ಬಾಗಿಲು ಎಡಗಡೆಗೆ ಮಾತ್ರ. ಅದೇ ಬಸ್ಸಿನಲ್ಲಿ ಅಷ್ಟು ವರ್ಷದಿಂದ ದಿನಕ್ಕೆರಡು ಸಲ ಓಡಾಡಿದವಳು ನಾನು. ಆ ಏಣಿ ಹತ್ತಿ ಜನ ಬಾಳೆಗೊನೆ ಇಳಿಸುವುದನ್ನೂ, ಮೀನಿನ ಬುಟ್ಟಿ ಏರಿಸುವುದನ್ನೂ ನೋಡಿದ್ದೆ. ಒಬ್ಬ ಸಾಹೇಬನೂ ಬಂದೂಕು ಹಿಡಿದು ಹತ್ತಿದ್ದನ್ನು ನೋಡಿರಲಿಲ್ಲ. ನಿಂತಲ್ಲೇ ನಗು ಬಂತು, ಅದರ ಹಿಂದೆಯೇ ಹುಣಸೆಹುಳಿಯ ನೆನಪೂ ಬಂತು. ಮೂರನೆಯದು.

ಮರುದಿನ ಮಾಮನಿಗೆ ಎಲ್ಲ ಹೇಳಿದೆ. ಅವರು ಏಣಿಯ ಮೆಟ್ಟಿಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಪುಣೆಯವರು ಹೊರಟಾಗಿದೆ, ಪ್ರಾಧ್ಯಾಪಕರಿಗೆ ಹೇಳಿಯಾಗಿದೆ ಎಂದರು. ಆಮೇಲೆ, ಗಿರಿಯಣ್ಣ ಪುಣೆಗೆ ಹೋಗಿ ಹೇಳುತ್ತಾನಾ ಎಂದು ಕೇಳಿದರು. ಕೊನೆಗೆ ಕನ್ನಡಕ ಒರೆಸುತ್ತ, ಸಹಿ ನಿನ್ನದು, ನೀನು ಹೇಗೆ ಹೇಳುತ್ತೀಯೋ ಹಾಗೆ ಎಂದುಬಿಟ್ಟರು. ನಾನು ಸತ್ಯವಂತೆಯಂತೆ ಚೀಟಿ ಹರಿದೆ ಎಂದು ಬರೆಯಲು ಆಸೆ ಇದೆ. ಹರಿಯಲಿಲ್ಲ. ಮೂರನೇ ಸಲ ನನ್ನ ಚೀಟಿ ಹರಿದರೆ ಆಮೇಲೆ ನನ್ನ ಸಹಿಯನ್ನು ಯಾರು ನಂಬುತ್ತಾರೆ ಎಂಬ ಭಯ. ಮೇಜು ಬಿಟ್ಟು ಮತ್ತೆ ಹಿತ್ತಿಲಿನ ಕಲ್ಲಿನ ಮೇಲೆ ಕೂರುವ ನಾಚಿಕೆ. ಇದ್ದಹಾಗೇ ಇರಲಿ ಎಂದು ಬಿಟ್ಟೆ.

ಆದಿತ್ಯವಾರ ಪುಣೆಯ ಇಂಜಿನಿಯರು ಬಂದರು. ಸಣ್ಣ ದೇಹ, ಕಿಸೆಯಲ್ಲಿ ಅಳತೆಪಟ್ಟಿ, ಮಾತು ಕಡಿಮೆ. ಪ್ರಾಧ್ಯಾಪಕರೂ ಬಂದು ಕುರ್ಚಿ ಹಿಡಿದರು. ಮಾಮ ಆಗಲೇ ಕಾಡಿನ ನಡುವೆ ರೈಲು ನಿಲ್ಲಿಸಿದ್ದರು. ಸಾಹೇಬ ಏಣಿಯ ಎರಡನೇ ಮೆಟ್ಟಿಲಿನ ಮೇಲಿದ್ದ. ಆಗ ಬಾಗಿಲಲ್ಲಿ ಗಿರಿಯಣ್ಣ ಕಂಡ.

ನಾನು ಕರೆದಿರಲಿಲ್ಲ, ಆದಿತ್ಯವಾರ ಗಿರಾಕಿ ಬರುತ್ತಾರೆ ಎಂದಷ್ಟೇ ಹೇಳಿದ್ದೆ. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಒಂದು ಚೀಲ. ಒಳಗೆ ಬಂದು ನನ್ನ ಹತ್ತಿರ ನಿಂತು, ಕೊಕ್ಕೆ ಸಡಿಲವಾಗಿದ್ದರೆ ಕೂಡಿಸಿ ಕೊಡೋಣ ಎಂದು ಬೆಸುಗೆ ಹಾಕುವ ಕಬ್ಬಿಣ ತಂದಿದ್ದೇನೆ ಎಂದ. ಅರ್ಧಶತಮಾನದ ಹಿಂದೆ ಮಾಡಿಕೊಟ್ಟ ಕೆಲಸಕ್ಕೆ ಅವನು ಇನ್ನೂ ಜವಾಬ್ದಾರನಾಗಿದ್ದ. ಮಾಮನ ಮಾತು ಅರ್ಧಕ್ಕೆ ನಿಂತಿತು.

ಗಿರಿಯಣ್ಣ ಮೇಜಿನ ಹತ್ತಿರ ಹೋಗಿ, ಸಾಲಿನ ತುದಿಯಲ್ಲಿದ್ದ ತನ್ನದನ್ನು ಎತ್ತಿ ಹಿಡಿದ. ಬೆರಳಿನಿಂದ ಬೆಸುಗೆಯ ಗೆರೆ ಮುಟ್ಟಿ ನೋಡಿದ. ಆಮೇಲೆ ದಾರದಲ್ಲಿ ತೂಗುತ್ತಿದ್ದ ನನ್ನ ಚೀಟಿಯನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದ. 'ಜರ್ಮನಿ' ಎನ್ನುವಲ್ಲಿಗೆ ಬಂದು ನಿಂತ. ಮತ್ತೊಮ್ಮೆ ಓದಿದ. ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟುಬಿಟ್ಟ.

'ಹಂಗಾರೆ ನಂದಲ್ಲ ಇದು' ಎಂದ. 'ನಂಗೆ ಮರ್ತು ಹೋಗದೆ ಕಾಣ್ತದೆ. ಬರ್ದದ್ದು ಸುಳ್ಳಾಗೂದಿಲ್ಲ.'

ಇಪ್ಪತ್ತೆಂಟು ವರ್ಷದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಬೇರೆ ಯಾವತ್ತೂ ಇಲ್ಲ. ಪೀಕದಾನಿ ತೊಳೆದ ದಿನವೂ ಇಲ್ಲ. ಆ ಮುದುಕ ತನ್ನ ಕೈಗಿಂತ ಹೆಚ್ಚಾಗಿ ನನ್ನ ಸಹಿಯನ್ನು ನಂಬಿದ್ದ. ಅದೇ ಸಹಿಯ ಮರ್ಯಾದೆ ಉಳಿಸಲಿಕ್ಕೆ ನಾನು ಸುಳ್ಳನ್ನು ಹಾಗೇ ತೂಗಬಿಟ್ಟಿದ್ದೆ. ದಾರ ಎಳೆದು ಚೀಟಿ ಕಿತ್ತು, ಎಲ್ಲರೆದುರು ಎರಡು ತುಂಡು ಮಾಡಿದೆ. ಇದು ಗಿರಿಯಣ್ಣ ಮಾಡಿದ್ದು, ನಾನು ಬರೆದದ್ದು ತಪ್ಪು, ಗುರುವಾರದಿಂದಲೇ ನನಗೆ ಗೊತ್ತಿತ್ತು ಎಂದೆ. ಪ್ರಾಧ್ಯಾಪಕರು ಕೆಮ್ಮಿದರು. ಮಾಮ ಗೋಡೆಯ ಕಡೆ ನೋಡಿದರು.

ಹೊಸ ರಟ್ಟು ತೆಗೆದುಕೊಂಡು ಅಲ್ಲೇ ಬರೆದೆ: 'ಗಿರಿಯಣ್ಣ, ತಗಡಿನ ಕೆಲಸ, ಅಂಕೋಲೆ. ಗಾಲಿ ಮತ್ತು ಕೊಕ್ಕೆ ಜರ್ಮನಿಯವು. ರೈಲು ನೋಡದೆ ಮಾಡಿದ್ದು.' ಗಟ್ಟಿಯಾಗಿ ಓದಿ ಹೇಳಿದೆ. ಗಿರಿಯಣ್ಣನ ಮುಖ ಅರಳಲಿಲ್ಲ. ಕಡೆಯ ಸಾಲಿನ ಮೇಲೆ ಬೆರಳಿಟ್ಟ.

'ನೋಡ್ದೆ ಮಾಡ್ದ ಅಂತ ಬರೀಬೇಡ ತಂಗಿ. ನೋಡ್ದೆ ನಾ ಒಂದು ಆಲ್ಕೆನೂ ಮಾಡ್ದವ ಅಲ್ಲ. ಹಿಲ್ಲೂರ್ ಬಸ್ಸು ನೋಡಿ ಮಾಡ್ದದ್ದು ಅಂತ ಬರಿ.'

ಆ ಸಾಲು ಹೊಡೆದು ಹಾಕಿ, ಅವನು ಹೇಳಿದ ಹಾಗೇ ಬರೆದು ಸಹಿ ಹಾಕಿದೆ. ಅವನು ಚೀಟಿಯನ್ನು ಪೂರ್ತಿ ಓದಿ, ಡಬ್ಬಿಯನ್ನು ಮತ್ತೆ ಎತ್ತಿಕೊಂಡು, ಹಿಲ್ಲೂರಿನ ಬಸ್ಸಿಗೆ ಐದು ಮೆಟ್ಟಿಲಿತ್ತು, ತಂತಿ ಸಾಲದೆ ನಾಲ್ಕೇ ಹಾಕಿದೆ, ಅದೊಂದು ತಪ್ಪು ನನ್ನದು ಎಂದ.

ಪುಣೆಯವರು ಕಿಸೆಯಿಂದ ಅಳತೆಪಟ್ಟಿ ತೆಗೆದರು. ನಾಲ್ಕು ಡಬ್ಬಿಗಳನ್ನೂ ಅಳೆದರು. ತುಕ್ಕು ಹಿಡಿದ ಕೊಕ್ಕೆಗಳನ್ನು ಗಿರಿಯಣ್ಣ ಮೂರೇ ನಿಮಿಷದಲ್ಲಿ ಬಿಡಿಸಿಕೊಟ್ಟ. ಗಿರಿಯಣ್ಣನ ಡಬ್ಬಿಯನ್ನು ಮೇಜಿನ ಮೇಲೆ ತಳ್ಳಿ ನೋಡಿದರು, ಅದು ನೇರವಾಗಿ ಓಡಿತು. ಜರ್ಮನಿಯದರಲ್ಲಿ ಎರಡು ಓರೆಯಾಗಿ ಓಡಿದವು. ಅವರು ಗಿರಿಯಣ್ಣನಿಗೆ ಕೈಮುಗಿದರು. ಆಮೇಲೆ ಮೂರು ಡಬ್ಬಿಗಳನ್ನು ಬದಿಗೆ ಸರಿಸಿಕೊಂಡು, ನಾಲ್ಕನೆಯದನ್ನು ಮಾಮನ ಕಡೆ ತಳ್ಳಿದರು. ಕೆಲಸ ಉತ್ತಮ, ಆದರೆ ನಾನು ಸಂಗ್ರಹಿಸುವುದು ರೈಲು, ಇದು ಬಸ್ಸು ಎಂದು ಹಿಂದಿಯಲ್ಲಿ ವಿವರಿಸಿದರು.

ಡಬ್ಬಿಯನ್ನು ಮನೆಗೆ ಒಯ್ಯಿ ಎಂದರೆ ಗಿರಿಯಣ್ಣ ಒಪ್ಪಲಿಲ್ಲ. ಮಾಡಿಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ತನ್ನಲ್ಲಿಲ್ಲ ಎಂದ. ನಾನು ಅವನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬಂದೆ. ಹತ್ತುವ ಮೊದಲು ಅವನು ಬಸ್ಸಿನ ಹಿಂದೆ ಹೋಗಿ ಏಣಿಯ ಮೆಟ್ಟಿಲು ಎಣಿಸಿದ.

ಸೋಮವಾರ ನಾನು ಬೇಗ ಹೋದೆ. ಮಾಮ ಏನೂ ಹೇಳಿರಲಿಲ್ಲ, ಆದರೆ ಮೂರಾಗಿತ್ತು, ಲೆಕ್ಕ ನನಗೂ ಬರುತ್ತದೆ. ಹಳೆಯ ಸೀರೆ ಉಟ್ಟೇ ಹೊರಟಿದ್ದೆ. ಮೇಜಿನ ಕಡೆ ನೋಡದೆ ನೇರ ಹಿತ್ತಿಲಿಗೆ ಹೋದರೆ, ನನ್ನ ಕಲ್ಲಿನ ಮೇಲೆ ವಾಮನ ಮಾಮ ಕೂತಿದ್ದರು. ಪಂಚೆ ಮೇಲಕ್ಕೆ ಕಟ್ಟಿ, ಎರಡೂ ಕನ್ನಡಕಗಳನ್ನು ತೆಗೆದು ಕಟ್ಟೆಯ ಮೇಲಿಟ್ಟು, ಮೊಣಕೈವರೆಗೆ ಹುಣಸೆಹುಳಿ ಮೆತ್ತಿಕೊಂಡು ಒಂದು ಹಂಡೆ ತಿಕ್ಕುತ್ತಿದ್ದರು. ಬೂದಿ ಹಾಕುವುದನ್ನು ಮರೆತಿದ್ದರು. ನಾನು ಬಾಗಿಲಲ್ಲೇ ನಿಂತೆ.

'ಚೀಟಿ ಬರೆದದ್ದು ನೀನು, ಹುಲಿ ಹಾಕಿದ್ದು ನಾನು' ಎಂದರು ತಲೆಯೆತ್ತದೆ. 'ಹೋಗ್ ಗೊ, ಮೇಜಿಗೆ ಹೋಗಿ ಕೂತ್ಕೊ.'

ನಾನು ಹೋಗಲಿಲ್ಲ. ಬೂದಿಯ ತಟ್ಟೆ ತಂದು ಅವರ ಪಕ್ಕದಲ್ಲಿಟ್ಟು, ಇನ್ನೊಂದು ಹಂಡೆ ಎಳೆದುಕೊಂಡು ಕೂತೆ. ಮಧ್ಯಾಹ್ನದವರೆಗೆ ಇಬ್ಬರೂ ತಿಕ್ಕಿದೆವು. ಅಂದಿನಿಂದ ಚೀಟಿಯಲ್ಲಿ ಎರಡು ಸಹಿ ಬೀಳತೊಡಗಿದವು, ಮಾಮ ತೀರಿಕೊಳ್ಳುವವರೆಗೂ. ಆ ಡಬ್ಬಿ ಈಗಲೂ ಚೀಟಿ ಬರೆಯುವ ಮೇಜಿನ ಮೇಲಿದೆ, ನೀವು ದಿನಾ ಅದರ ಮೇಲೆ ರಟ್ಟಿನ ತುಂಡುಗಳನ್ನು ಒಟ್ಟುತ್ತೀರಿ. ಅದು ಮಾರುವುದಕ್ಕಲ್ಲ. ಯಾರಾದರೂ ಬಂದು ಈ ರೈಲು ಎಲ್ಲಿಯದು ಎಂದು ಕೇಳಿದರೆ, ಹಿಲ್ಲೂರಿಗೆ ಹೋಗುವ ಬಸ್ಸು ಎಂದು ಹೇಳಿ.